ಶಿವಗಂಗೋತ್ರಿಗೆ ನಾಲ್ಕು ದಾರಿ

ಚನ್ನಗಿರಿ ಅಡಿಕೆಯ ಊರು, ಹೊನ್ನಾಳಿ ತುಂಗಭದ್ರೆಯ ದಡದ ಊರು, ನ್ಯಾಮತಿ ಮೊನ್ನೆ ಮೊನ್ನೆ ತಾಲ್ಲೂಕಾದ ಊರು, ಜಗಳೂರು ಮೋಡ ನೋಡಿಕೊಂಡು ಬದುಕುವ ಊರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಬೆಳೆ ಬೇರೆ, ಮಳೆ ಬೇರೆ. ಆದರೆ ಮಗನೋ ಮಗಳೋ ಡಿಗ್ರಿ ಮುಗಿಸಿದ ವರ್ಷ ಮನೆಗಳಲ್ಲಿ ನಡೆಯುವ ಲೆಕ್ಕಾಚಾರ ಮಾತ್ರ ಒಂದೇ. ಹಾಸ್ಟೆಲ್ ಸಿಗುತ್ತದೆಯೇ, ಬಸ್ಸು ಎಷ್ಟು ಹೊತ್ತಿಗಿದೆ, ಸ್ಕಾಲರ್‌ಶಿಪ್ ಯಾವಾಗ ಬರುತ್ತದೆ, ಇಂಗ್ಲಿಷಿನಲ್ಲಿ ಪಾಠ ಮಾಡಿದರೆ ಅರ್ಥವಾದೀತೇ? ಎಂ.ಎ., ಎಂ.ಎಸ್ಸಿ., ಎಂ.ಕಾಂ. ಸೇರುವವರ ಭವಿಷ್ಯವನ್ನು ಇಲ್ಲಿ ಅಂಕಪಟ್ಟಿಗಿಂತ ಹೆಚ್ಚಾಗಿ ಈ ಲೆಕ್ಕಗಳೇ ತೀರ್ಮಾನಿಸಿವೆ. ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಆವರಣದ ಚರಿತ್ರೆಯನ್ನು ಕುಲಪತಿಗಳ ಸಾಲಿನಿಂದ ಹೇಳಬಹುದು, ಕಟ್ಟಡಗಳ ಶಂಕುಸ್ಥಾಪನೆಯಿಂದಲೂ ಹೇಳಬಹುದು. ಈ ಲೇಖನ ಅದನ್ನು ವಿದ್ಯಾರ್ಥಿ ಅಲ್ಲಿಗೆ ಹೇಗೆ ತಲುಪಿದ, ಹೇಗೆ ಉಳಿದುಕೊಂಡ ಎಂಬ ಕಡೆಯಿಂದ ನೋಡುತ್ತದೆ.

ಮೈಸೂರು ದೂರವಿದ್ದ ಕಾಲ

1970ರ ದಶಕದವರೆಗೂ ಈ ಭಾಗದವರಿಗೆ ಸ್ನಾತಕೋತ್ತರ ಓದು ಎಂದರೆ ಮೈಸೂರೇ. ಆಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಳಗಿತ್ತು, ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಜಿಲ್ಲೆ ಎರಡಾದರೂ ವಿಶ್ವವಿದ್ಯಾನಿಲಯ ಒಂದೇ, ಅದು 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ. ಕುವೆಂಪು ಕುಲಪತಿಯಾಗಿದ್ದಾಗ ರೂಪುಗೊಂಡ ಮಾನಸಗಂಗೋತ್ರಿಯ ಹೆಸರು ಜಗಳೂರಿನ ಮೇಷ್ಟ್ರುಗಳಿಗೂ ಗೊತ್ತಿತ್ತು. ಆದರೆ ಅಲ್ಲಿಗೆ ಹೋಗಿ ಎರಡು ವರ್ಷ ಇರುವ ಶಕ್ತಿ ಎಷ್ಟು ಮನೆಗಳಿಗೆ ಇತ್ತು? ದಿನವಿಡೀ ಪ್ರಯಾಣ, ಪರ ಊರಿನ ಬಾಡಿಗೆ ಕೋಣೆ, ಸುಗ್ಗಿಯ ಹೊತ್ತಿಗೆ ಹೊಲದಲ್ಲಿ ಒಂದು ಕೈ ಕಡಿಮೆ. ಹೆಣ್ಣುಮಕ್ಕಳ ಮಾತಂತೂ ಬಹುಪಾಲು ಮನೆಗಳಲ್ಲಿ ಏಳುತ್ತಲೇ ಇರಲಿಲ್ಲ.

ಹಾಗೂ ಹೋದವರನ್ನು ಹಿಡಿದು ನಿಲ್ಲಿಸಿದ್ದು ಹಾಸ್ಟೆಲ್. ಈ ಪ್ರದೇಶದಲ್ಲಿ ಹಾಸ್ಟೆಲ್ ಸರ್ಕಾರಕ್ಕಿಂತ ಮೊದಲು ಮಠಗಳಿಂದ ಬಂತು. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಾಡಿನ ಹಲವು ಊರುಗಳಲ್ಲಿ ಉಚಿತ ಪ್ರಸಾದನಿಲಯಗಳನ್ನು ತೆರೆದರು. ದಾವಣಗೆರೆಯ ಜಯದೇವ ವೃತ್ತ ಇಂದಿಗೂ ಅವರ ಹೆಸರಿನಲ್ಲಿದೆ. ಸಿರಿಗೆರೆಯ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಹಳ್ಳಿಗಳ ಕಡೆಗೆ ಶಾಲೆ ಮತ್ತು ವಸತಿಯನ್ನು ಒಟ್ಟಿಗೆ ಕೊಂಡೊಯ್ದರು. ಅನ್ನ ಮತ್ತು ಅಕ್ಷರವನ್ನು ಒಂದೇ ಸೂರಿನಡಿ ಕೊಡಬೇಕೆಂಬ ತಿಳಿವಳಿಕೆ ಈ ಸೀಮೆಗೆ ಹೀಗೆ ಬಂತು.

ಮಠದ ಪಂಕ್ತಿಗೆ ಎಲ್ಲರೂ ತಲುಪುತ್ತಿರಲಿಲ್ಲ ಎಂಬುದೂ ಇದೇ ಚರಿತ್ರೆಯ ಭಾಗ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. ಅಂಬೇಡ್ಕರ್ ಆಗ ವೈಸರಾಯ್ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದರು. ಸುಮಾರು ಮೂರು ದಶಕಗಳ ಬಳಿಕ ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರ 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಿಸಿತು. 1975ರಲ್ಲಿ ಬಂದ ಅದರ ವರದಿಯ ಬೆನ್ನಿಗೆ ಮೀಸಲಾತಿಯ ಜೊತೆ ಸರ್ಕಾರಿ ಹಾಸ್ಟೆಲ್‌ಗಳ ಜಾಲವೂ ಬೆಳೆಯಿತು. ಊರ ಬಾಯಲ್ಲಿ ಇವತ್ತಿಗೂ ಅವು 'ಬಿಸಿಎಂ ಹಾಸ್ಟೆಲ್', 'ಎಸ್ಸಿ ಹಾಸ್ಟೆಲ್'.

ಹಾಸ್ಟೆಲ್ ಬರೀ ಉಂಡು ಮಲಗುವ ಜಾಗವಾಗಿ ಉಳಿಯಲಿಲ್ಲ, ಚಳವಳಿಯ ನೆಲವೂ ಆಯಿತು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಹರಿಹರ ಮೂಲದ ದಲಿತ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಭಾಗವನ್ನು 'ಬೂಸಾ' ಎಂದಾಗ ರಾಜ್ಯವಿಡೀ ಗಲಾಟೆ ಎದ್ದಿತು. ಹಲವೆಡೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಕಳೆದುಕೊಂಡರು. ಆ ಪೆಟ್ಟು ತಿಂದ ತಲೆಮಾರಿನಿಂದಲೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರೂ ಹರಿಹರದವರೇ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದವರು. ಕಾಲೇಜಿಗೆ ಸೇರಿಸಿಕೊಂಡ ಮಾತ್ರಕ್ಕೆ ಒಳಗೊಂಡಂತಾಗಲಿಲ್ಲ, ಅಲ್ಲಿ ತಲೆ ಎತ್ತಿ ಓಡಾಡುವಂತಿರಬೇಕು ಎಂದು ಈ ಸೀಮೆಗೆ ಕಲಿಸಿದ ಪಾಠ ಅದು.

ವಿಶ್ವವಿದ್ಯಾನಿಲಯವೇ ನಡೆದು ಬಂತು

1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ದಾವಣಗೆರೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಶಿವಗಂಗೋತ್ರಿಯ ಬೇರು ಇಲ್ಲಿದೆ. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದಾಗ ಶಿವಮೊಗ್ಗ, ಚಿಕ್ಕಮಗಳೂರು ಮತ್ತು ಅವಿಭಜಿತ ಚಿತ್ರದುರ್ಗ ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು, ದಾವಣಗೆರೆಯ ಕೇಂದ್ರವೂ ಅದರ ತೆಕ್ಕೆಗೆ ಸೇರಿತು. ಕಾದಂಬರಿಕಾರ ಶಾಂತಿನಾಥ ದೇಸಾಯಿ ಅದರ ಮೊದಲ ಕುಲಪತಿ. ಶಿವಮೊಗ್ಗದಿಂದ ಸುಮಾರು 28 ಕಿ.ಮೀ. ದೂರದ ಶಂಕರಘಟ್ಟದಲ್ಲಿ, ಕಾಡಿನ ಅಂಚಿಗೆ, 'ಜ್ಞಾನಸಹ್ಯಾದ್ರಿ' ಆವರಣ ಎದ್ದಿತು. ಹೊನ್ನಾಳಿ, ಚನ್ನಗಿರಿಗಳ ಹುಡುಗ–ಹುಡುಗಿಯರಿಗೆ ಎಂ.ಎ. ಕನಸು ಮೊದಲ ಬಾರಿಗೆ ಶನಿವಾರ ಊರಿಗೆ ಬಂದು ಸೋಮವಾರ ಮರಳುವಷ್ಟು ಹತ್ತಿರಕ್ಕೆ ಬಂತು.

ಹತ್ತು ವರ್ಷಗಳ ನಂತರ ನಕ್ಷೆ ಮತ್ತೆ ಬದಲಾಯಿತು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂತು. ಶಿವಮೊಗ್ಗದಿಂದ ಚನ್ನಗಿರಿ ಮತ್ತು ಹೊನ್ನಾಳಿ, ಚಿತ್ರದುರ್ಗದಿಂದ ದಾವಣಗೆರೆ, ಹರಿಹರ ಮತ್ತು ಜಗಳೂರು, ಬಳ್ಳಾರಿಯಿಂದ ಹರಪನಹಳ್ಳಿ ಒಂದಾದವು. ಜಿಲ್ಲೆಯಾದ ಮೇಲೆ ವಿಶ್ವವಿದ್ಯಾನಿಲಯದ ಬೇಡಿಕೆ ಬಲವಾಯಿತು. 2009ರ ಆಗಸ್ಟ್ 18ರಂದು ದಾವಣಗೆರೆ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳು ಅದರ ವ್ಯಾಪ್ತಿ. ಮೊದಲ ಕುಲಪತಿ ಪ್ರೊ. ಎಸ್. ಇಂದುಮತಿ. ಹೆಣ್ಣುಮಕ್ಕಳ ಸ್ನಾತಕೋತ್ತರ ಓದಿನ ಮಾತೇ ಅಪರೂಪವಾಗಿದ್ದ ಸೀಮೆಯಲ್ಲಿ ಹೊಸ ವಿಶ್ವವಿದ್ಯಾನಿಲಯದ ಚುಕ್ಕಾಣಿ ಮೊದಲು ಹಿಡಿದದ್ದು ಒಬ್ಬ ಮಹಿಳೆ. ಅವರ ನಂತರ ಪ್ರೊ. ಬಿ.ಬಿ. ಕಲಿವಾಳ, ಪ್ರೊ. ಎಸ್.ವಿ. ಹಲಸೆ, ಪ್ರೊ. ಬಿ.ಡಿ. ಕುಂಬಾರ ಆ ಹೊಣೆ ಹೊತ್ತರು. ಚಿತ್ರದುರ್ಗದ ಬಳಿ ಜಿ.ಆರ್. ಹಳ್ಳಿಯ 'ಜ್ಞಾನಗಂಗೋತ್ರಿ' ಸ್ನಾತಕೋತ್ತರ ಕೇಂದ್ರವೂ ಇದೇ ವಿಶ್ವವಿದ್ಯಾನಿಲಯದ್ದು. ಜಗಳೂರು ತಾಲ್ಲೂಕಿನ ದುರ್ಗದ ಕಡೆಯ ಹಳ್ಳಿಗಳವರಿಗೆ ಅದು ಇನ್ನೊಂದು ಬಾಗಿಲು.

ಮೈಸೂರು, ಶಂಕರಘಟ್ಟ, ತೋಳಹುಣಸೆ: ಮೂರು ದಶಕಗಳಲ್ಲಿ ವಿಶ್ವವಿದ್ಯಾನಿಲಯ ಮೂರು ಹೆಜ್ಜೆ ಇಟ್ಟು ಈ ತಾಲ್ಲೂಕುಗಳ ಹತ್ತಿರಕ್ಕೆ ಬಂತು. ಸಮಾಲೋಚನೆ, ಕುಂದುಕೊರತೆ ಸಮಿತಿ ಎಂಬ ಮಾತುಗಳೆಲ್ಲ ಹುಟ್ಟುವ ಮೊದಲೇ ಇಲ್ಲಿನ ವಿದ್ಯಾರ್ಥಿಗೆ ಸಿಕ್ಕ ದೊಡ್ಡ ಆಸರೆ ಈ ಹತ್ತಿರವೇ.

ಬಸ್ಸಿನ ಲೆಕ್ಕ

ಆದರೂ ಹತ್ತಿರ ಎಲ್ಲರಿಗೂ ಒಂದೇ ಅಲ್ಲ. ದಾವಣಗೆರೆಯಿಂದ ಹತ್ತು ಕಿ.ಮೀ. ಆಸುಪಾಸಿನಲ್ಲಿರುವ ತೋಳಹುಣಸೆಗೆ ರೈಲು ನಿಲ್ದಾಣವಿದೆ. ನಮ್ಮ ನಾಲ್ಕು ತಾಲ್ಲೂಕುಗಳವರಿಗೆ ಮಾತ್ರ ಬಸ್ಸೇ ಗತಿ. ಹೊನ್ನಾಳಿ, ಜಗಳೂರಿನವರು ದಾವಣಗೆರೆಗೆ ಬಂದಿಳಿದು ಮತ್ತೊಂದು ಬಸ್ಸು ಹಿಡಿಯಬೇಕು. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಬಸ್ಸು ಬೇರೆ. ಬೆಳಗಿನ ಮೊದಲ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡೂ ಹೋಯಿತು. ಪ್ರಯೋಗಾಲಯದಲ್ಲಿ ಸಂಜೆ ತಡವಾದರೆ ಹಳ್ಳಿಯ ಕೊನೆಯ ಬಸ್ಸು ಹೋಯಿತು. ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಆಹಾರ ತಂತ್ರಜ್ಞಾನದಂಥ ವಿಭಾಗಗಳಲ್ಲಿ ಓದುವವರಿಗೆ ಇದು ಸಣ್ಣ ಮಾತಲ್ಲ.

ನ್ಯಾಮತಿಯದು ಇನ್ನೊಂದು ಕಥೆ. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಆಡಳಿತದ ಲೆಕ್ಕದಲ್ಲಿ ದಾವಣಗೆರೆಗೆ ಸೇರಿದ್ದರೂ ಕಾಲು ಹೋಗುವುದು ಶಿವಮೊಗ್ಗದ ಕಡೆಗೆ. ಸಂತೆ, ಆಸ್ಪತ್ರೆ, ಓದು ಎಲ್ಲಕ್ಕೂ ಶಿವಮೊಗ್ಗವೇ ಹತ್ತಿರ. ಹಾಗಾಗಿ ನ್ಯಾಮತಿ ಮತ್ತು ಹೊನ್ನಾಳಿಯ ಪಶ್ಚಿಮ ಭಾಗದ ಪದವೀಧರರಿಗೆ ಶಂಕರಘಟ್ಟವೂ ಒಂದು ಆಯ್ಕೆ, ತೋಳಹುಣಸೆಯೂ ಒಂದು ಆಯ್ಕೆ. ಎರಡು ವಿಶ್ವವಿದ್ಯಾನಿಲಯಗಳ ನಡುವಿನ ಗಡಿಯಲ್ಲಿರುವುದು ಅನುಕೂಲವೂ ಹೌದು, ಎರಡರ ಹಾಸ್ಟೆಲ್ ಪಟ್ಟಿಗಾಗಿ ಕಾಯುವ ತಾಪತ್ರಯವೂ ಹೌದು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಗುರು ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರುವರಿಯಲ್ಲಿ ಅವರ ಜಯಂತಿಗೆ ದೂರದೂರದ ತಾಂಡಾಗಳಿಂದ ಜನ ಸೇರುತ್ತಾರೆ. ಈ ಸೀಮೆಯ ತಾಂಡಾದ ಮಗು ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಸ್ನಾತಕೋತ್ತರ ತರಗತಿಯಲ್ಲಿ ಇಂಗ್ಲಿಷ್ ದಾಟಿ ಬರಬೇಕು. ಅಪ್ಪ ಅಮ್ಮ ಕಾಫಿ ತೋಟಕ್ಕೋ ಕಬ್ಬಿನ ಗದ್ದೆಗೋ ಗುಳೆ ಹೋದ ತಿಂಗಳುಗಳಲ್ಲಿ ಊರಿಗೆ ಮರಳಿದರೂ ಮನೆ ಬೀಗ ಹಾಕಿರುತ್ತದೆ. ರಜೆಯಲ್ಲಿ ಹಾಸ್ಟೆಲ್ ಮುಚ್ಚಿದರೆ ಅಂಥವರು ಎಲ್ಲಿಗೆ ಹೋಗಬೇಕು? ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಅಲ್ಲಿ ಮಳೆ ಕೈಕೊಟ್ಟ ವರ್ಷ ಶುಲ್ಕ ಕಟ್ಟುವ ಕೊನೆಯ ದಿನಾಂಕ ಸಾಲದ ದಿನಾಂಕವೂ ಆಗುತ್ತದೆ.

ಸರ್ಕಾರದ ಎರಡು ಯೋಜನೆಗಳು ಇಲ್ಲಿ ನೇರವಾಗಿ ಕೈಗೆ ಸಿಕ್ಕಿವೆ. 2013–14ರಲ್ಲಿ ಆರಂಭವಾದ 'ವಿದ್ಯಾಸಿರಿ', ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಏರ್ಪಾಡಾಗಿ ಬಂತು. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಡಿ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಬಸ್ಸಿನ ದುಡ್ಡಿನ ನೆಪ ಹೇಳಿ ಮಗಳ ಎಂ.ಎ. ನಿಲ್ಲಿಸುವ ದಾರಿ ಇದರಿಂದ ಮುಚ್ಚಿತು. ಖಾಸಗಿ ಬಸ್ಸು ಮಾತ್ರ ಓಡುವ ರಸ್ತೆಗಳಲ್ಲಿ ಆ ನೆಪ ಇನ್ನೂ ಉಳಿದಿದೆ. ಇನ್ನೊಂದು ಕಡೆ, 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಚಾಲನೆ ಪಡೆದ 'ಯುವನಿಧಿ' ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ, ಮುಂದೆ ಓದಲು ಸೇರಿದವರಿಗೆ ಇಲ್ಲ. ಬಡ ಮನೆಯಲ್ಲಿ ಈ ಹಣವನ್ನೂ ಮುಂದಿನ ಓದನ್ನೂ ತೂಗಿ ನೋಡುವುದು ಸಹಜ.

ಜೆಆರ್‌ಎಫ್‌ನ ಭಾಷೆ

ಎಂ.ಎ. ದಾಟಿ ಪಿಎಚ್.ಡಿ.ಗೆ ಕಾಲಿಟ್ಟರೆ ಕಷ್ಟದ ಬಣ್ಣ ಬದಲಾಗುತ್ತದೆ. ಯುಜಿಸಿಯ ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ, ಸೀನಿಯರ್ ಹಂತದ್ದು 42,000ಕ್ಕೆ ಏರಿತು. ಹೊನ್ನಾಳಿಯ ರೈತನ ಮನೆಗೆ ಅದು ದೊಡ್ಡ ಮೊತ್ತ. ಆದರೆ ಅದನ್ನು ಪಡೆಯಲು ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಗೆಲ್ಲಬೇಕು. ಭಾಷಾ ವಿಷಯಗಳನ್ನು ಬಿಟ್ಟರೆ ಎನ್‌ಇಟಿಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿ ಹಿಂದಿ ಪ್ರದೇಶದ ವಿದ್ಯಾರ್ಥಿಯ ಎದುರು ಇಲ್ಲಿಯೇ ಒಂದು ಹೆಜ್ಜೆ ಹಿಂದೆ. ರಾಜ್ಯಮಟ್ಟದ ಕೆ–ಸೆಟ್ ಪರೀಕ್ಷೆ ಕನ್ನಡದಲ್ಲೂ ಪ್ರಶ್ನೆ ಕೇಳುತ್ತದೆ, ಅಧ್ಯಾಪಕರಾಗುವ ಅರ್ಹತೆಯನ್ನೂ ಕೊಡುತ್ತದೆ, ಆದರೆ ಫೆಲೋಶಿಪ್ ಕೊಡುವುದಿಲ್ಲ. ಅರ್ಹತೆ ಕನ್ನಡದಲ್ಲಿ, ದುಡ್ಡು ಇಂಗ್ಲಿಷ್–ಹಿಂದಿಯಲ್ಲಿ.

1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದರು. ಅವರ ತಾಲ್ಲೂಕಿನ ಸಂಶೋಧನಾರ್ಥಿಗೆ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಆ ಸೌಲಭ್ಯ ಇನ್ನೂ ಸಿಕ್ಕಿಲ್ಲ. 2023ರ ಏಪ್ರಿಲ್‌ನಲ್ಲಿ ಯುಜಿಸಿ, ಇಂಗ್ಲಿಷ್ ಮಾಧ್ಯಮದ ಕೋರ್ಸುಗಳಲ್ಲೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದು ವಿಶ್ವವಿದ್ಯಾನಿಲಯಗಳನ್ನು ಕೇಳಿಕೊಂಡಿತು. ಯುಜಿಸಿಯ ಆ ಮಾತು ಅದರದೇ ಎನ್‌ಇಟಿಗೆ ಅನ್ವಯವಾಗಿಲ್ಲ.

ಗೈಡ್ ಎಂಬ ಒಬ್ಬರು

ಸಂಶೋಧನಾ ವಿದ್ಯಾರ್ಥಿಯ ಬದುಕು ಒಬ್ಬ ವ್ಯಕ್ತಿಯ ಮೇಲೆ ನಿಂತಿದೆ. ಗೈಡ್ ಸಹಿ ಮಾಡಿದರೆ ಪ್ರಗತಿ ವರದಿ, ಪ್ರಗತಿ ವರದಿ ಇದ್ದರೆ ಫೆಲೋಶಿಪ್, ಫೆಲೋಶಿಪ್ ಬಂದರೆ ಮೆಸ್ ಬಿಲ್. ಸರಪಳಿಯ ಒಂದು ಕೊಂಡಿ ತಪ್ಪಿದರೆ ಉಳಿದವೂ ಕಳಚುತ್ತವೆ. ಇದು ತೋಳಹುಣಸೆಯೊಂದರ ಮಾತಲ್ಲ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯದ ಸಂಶೋಧನಾ ವಿದ್ಯಾರ್ಥಿಗಳ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನ, ಅವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಖಿನ್ನತೆಯಂಥ ಮಾನಸಿಕ ತೊಂದರೆಯ ಅಪಾಯದಲ್ಲಿದ್ದಾರೆ ಎಂದು ಹೇಳಿತು. ಗೈಡ್ ನಡೆಸಿಕೊಳ್ಳುವ ರೀತಿ ಮತ್ತು ಮನೆ–ಕೆಲಸಗಳ ಎಳೆದಾಟ ಇದರ ಹಿಂದಿನ ಮುಖ್ಯ ಅಂಶಗಳಲ್ಲಿ ಸೇರಿದ್ದವು. ಅಷ್ಟು ಸಿರಿವಂತ ನಾಡಿನ ಸ್ಥಿತಿಯೇ ಹೀಗಿದ್ದರೆ, ಫೆಲೋಶಿಪ್ ಇಲ್ಲದೆ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ಥೀಸಿಸ್ ಬರೆಯುವವರ ಸ್ಥಿತಿಯನ್ನು ಬೇರೆ ಹೇಳಬೇಕಿಲ್ಲ.

ನಿಯಮಗಳು ಮೆಲ್ಲಗೆ ಮೃದುವಾಗಿವೆ. ಯುಜಿಸಿಯ 2016ರ ಪಿಎಚ್.ಡಿ. ನಿಯಮಾವಳಿ ಮಹಿಳಾ ಸಂಶೋಧಕರಿಗೆ 240 ದಿನಗಳವರೆಗೆ ಹೆರಿಗೆ ಹಾಗೂ ಶಿಶುಪಾಲನಾ ರಜೆ ಕೊಟ್ಟಿತು. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಎರಡು ವರ್ಷ ಹೆಚ್ಚುವರಿ ಕಾಲಾವಕಾಶ ಕೊಟ್ಟಿತು. ಮದುವೆಯಾಗಿ ಬೇರೆ ಊರಿಗೆ ಹೋಗುವ ಸಂಶೋಧಕಿ ತಾನು ಕಲೆಹಾಕಿದ ಸಾಮಗ್ರಿಯೊಂದಿಗೆ ಇನ್ನೊಂದು ವಿಶ್ವವಿದ್ಯಾನಿಲಯಕ್ಕೆ ವರ್ಗವಾಗಬಹುದು ಎಂದೂ ಅದರಲ್ಲಿದೆ. ಚನ್ನಗಿರಿಯ ಹುಡುಗಿ ಹುಬ್ಬಳ್ಳಿಗೆ ಸೊಸೆಯಾಗಿ ಹೋದರೆ ಓದು ತವರಿನಲ್ಲೇ ಉಳಿಯಬೇಕಿಲ್ಲ. 2022ರ ನಿಯಮಾವಳಿ ಒಬ್ಬ ಪ್ರೊಫೆಸರ್‌ಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ಸಂಶೋಧಕರ ಮಿತಿ ಹಾಕಿದೆ. ಲೈಂಗಿಕ ಕಿರುಕುಳದ ದೂರುಗಳಿಗೆಂದು 2015ರಲ್ಲಿ ಬಂದ ಯುಜಿಸಿ ನಿಯಮದಂತೆ, ವಿದ್ಯಾರ್ಥಿಗಳ ವಿಷಯ ಬಂದಾಗ ಆಂತರಿಕ ಸಮಿತಿಯಲ್ಲಿ ಪದವಿ, ಸ್ನಾತಕೋತ್ತರ, ಸಂಶೋಧನೆ ಈ ಮೂರೂ ಹಂತದ ವಿದ್ಯಾರ್ಥಿ ಪ್ರತಿನಿಧಿಗಳು ಇರಬೇಕು. ಇವೆಲ್ಲ ಇಂಗ್ಲಿಷ್ ಗೆಜೆಟ್‌ನಲ್ಲಿವೆ. ವಿಭಾಗದ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಅಂಟಿಸಿದರೆ ಅರ್ಧ ಕೆಲಸ ಆದಂತೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟುಗಳನ್ನು ಮೀಸಲಿಟ್ಟಿತು, ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆಯನ್ನೂ ಕೊಟ್ಟಿತು. ಕೇಂದ್ರ ಸರ್ಕಾರದ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇರುವುದು ಶಿವಗಂಗೋತ್ರಿಗೆ ಸಿಕ್ಕಿರುವ ಅನುಕೂಲ. ಸಾಧನ ಸಲಕರಣೆ, ತರಬೇತಿ, ಸಲಹೆಗಾಗಿ ಬೆಂಗಳೂರಿನ ಕಡೆ ಮುಖ ಮಾಡಬೇಕಾಗಿಲ್ಲ.

ಮನಸ್ಸಿನ ಮಾತು

ಹಾಸ್ಟೆಲ್‌ನಲ್ಲಿ ಜ್ವರ ಬಂದರೆ ಗೆಳೆಯರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಓದಿದ್ದು ತಲೆಗೆ ಹತ್ತದಿದ್ದರೆ 'ಟೆನ್ಶನ್ ಮಾಡ್ಕೋಬ್ಯಾಡ' ಎನ್ನುವುದಕ್ಕಿಂತ ಮುಂದಿನ ಮಾತು ಹುಟ್ಟುವುದು ಕಷ್ಟ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಹಾಸ್ಟೆಲ್‌ಗಳು ಖಾಲಿಯಾದಾಗ ಈ ಕೊರತೆ ಎದ್ದು ಕಂಡಿತು. ತರಗತಿ ಮೊಬೈಲ್‌ಗೆ ಬಂತು, ಹಳ್ಳಿಗಳಲ್ಲಿ ಸಿಗ್ನಲ್ ಹುಡುಕಿ ಮರದಡಿ, ಮಾಳಿಗೆ ಮೇಲೆ ಕೂರುವಂತಾಯಿತು. ಪ್ರಯೋಗಾಲಯದ ಕೆಲಸ ನಿಂತೇಹೋಯಿತು.

2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮನಸ್' ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಬಿಂದು. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿ ಆತ್ಮಹತ್ಯೆಗಳ ಕಾರಣ ಹುಡುಕಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಅದೇ ವರ್ಷದ ಜುಲೈನಲ್ಲಿ ಮತ್ತೊಂದು ಪ್ರಕರಣದಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಇರಲೇಬೇಕೆಂದು ಮಾರ್ಗಸೂಚಿ ಕೊಟ್ಟಿತು. ಹಿಂದೆ ಅನ್ನ, ಹಾಸಿಗೆಗೆ ಸಿಕ್ಕ ಸ್ಥಾನ ಈಗ ಮನಸ್ಸಿಗೂ ಕಾನೂನಿನ ಕಣ್ಣಲ್ಲಿ ಸಿಕ್ಕಿದೆ.

ಒಟ್ಟು ಲೆಕ್ಕ ನೋಡಿದರೆ ಶಿವಗಂಗೋತ್ರಿ ದೂರವನ್ನು ಗೆದ್ದಿದೆ, ಪ್ರವೇಶವನ್ನು ಬಹುಮಟ್ಟಿಗೆ ಗೆದ್ದಿದೆ. ಇನ್ನು ಗೆಲ್ಲಬೇಕಿರುವುದು ಸೇರಿದವರು ನಡುವೆ ಬಿಟ್ಟುಹೋಗದಂತೆ ನೋಡಿಕೊಳ್ಳುವ ಸವಾಲನ್ನು. ಅದಕ್ಕೆ ದೊಡ್ಡ ಕಟ್ಟಡ ಬೇಡ. ಫೆಲೋಶಿಪ್ ತಡವಾದ ತಿಂಗಳು ಮೆಸ್ ಬಿಲ್ಲಿಗೆ ಮುಂಗಡ ಕೊಡುವ ಒಂದು ನಿಧಿ, ರಜೆಯಲ್ಲೂ ತೆರೆದಿರುವ ಒಂದು ಹಾಸ್ಟೆಲ್ ಬ್ಲಾಕ್, ಸಂಜೆಯ ಪ್ರಯೋಗಾಲಯಕ್ಕೆ ಹೊಂದುವ ಒಂದು ಬಸ್ಸು, ಕನ್ನಡದ ಜೊತೆ ಲಂಬಾಣಿಯೂ ಬಲ್ಲ ಒಬ್ಬ ಸಮಾಲೋಚಕರು, ಎನ್‌ಇಟಿಗೆ ಕನ್ನಡದಲ್ಲಿ ವಿವರಿಸುವ ವಾರಾಂತ್ಯದ ತರಗತಿ. ಇಲ್ಲಿ ಓದಿ ಇಂದು ಅಧ್ಯಾಪಕರು, ಅಧಿಕಾರಿಗಳು, ಅಡಿಕೆ ಬೆಳೆಗಾರರು, ವ್ಯಾಪಾರಿಗಳಾಗಿರುವ ನಾಲ್ಕೂ ತಾಲ್ಲೂಕುಗಳ ಹಳೆಯ ವಿದ್ಯಾರ್ಥಿಗಳು ಕೈಜೋಡಿಸಿದರೆ ಇವುಗಳಲ್ಲಿ ಯಾವುದೂ ಆಗದ ಮಾತಲ್ಲ. ಮೊದಲ ಕಂತಾಗಿ ತಮ್ಮ ತಾಲ್ಲೂಕಿನ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಒಂದು ವರ್ಷದ ಮೆಸ್ ಖರ್ಚನ್ನು ಅವರು ವಹಿಸಿಕೊಳ್ಳಲಿ ಎಂಬುದು ಈ ಲೇಖನದ ಮೂಲಕ ಮಾಡುವ ಮನವಿ.